ಶಿವಮೊಗ್ಗಕ್ಕೆ ಬರುತ್ತಿದ್ದೇವೆ, 2026ರಲ್ಲಿ ಈ ಊರಿನವರು ಕಾಯುತ್ತಿರುವುದು ಏನನ್ನು?

ಹುಬ್ಬಳ್ಳಿಯವ
ಎಲ್ಲರಿಗೂ ನಮಸ್ಕಾರ್ರೀ. ಹೆಂಡತಿಗೆ ಶಿವಮೊಗ್ಗಕ್ಕೆ ವರ್ಗ ಆಗಿದೆ. ಅವಳು ಫೆಬ್ರವರಿಯಲ್ಲೇ ಕೆಲಸಕ್ಕೆ ಸೇರುತ್ತಾಳೆ. ನಾನು ಮಕ್ಕಳ ಪರೀಕ್ಷೆ ಮುಗಿಸಿಕೊಂಡು ಏಪ್ರಿಲ್‌ನಲ್ಲಿ ಬರುತ್ತೇನೆ.

ಇಲ್ಲಿ ಆಫೀಸಿನಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ. "ಶಿವಮೊಗ್ಗ ಚೊಲೋ ಊರು, ಆದರೆ ಊರೊಳಗೆ ಏನೂ ಇಲ್ಲ. ಶನಿವಾರ ಜೋಗಕ್ಕೆ ಹೋಗು, ಭಾನುವಾರ ಆಗುಂಬೆಗೆ ಹೋಗು, ಮುಗೀತು." ಜೋಗ, ಆಗುಂಬೆ, ಕೊಡಚಾದ್ರಿ ಪಟ್ಟಿ ನನಗೂ ಗೊತ್ತಿದೆ. ಅದು ಬೇಡ. ನನ್ನ ಪ್ರಶ್ನೆ ಬೇರೆ. ಅಲ್ಲೇ ಇರುವ ನೀವು ಈ ವರ್ಷ ಏನನ್ನು ಎದುರು ನೋಡುತ್ತಿದ್ದೀರಿ? ಹಬ್ಬ ಆಗಲಿ, ರಸ್ತೆ ಆಗಲಿ, ತಿನ್ನೋದು ಆಗಲಿ, ಏನಾದರೂ ಸರಿ.

ಹಾಂ, ಒಂದು ಸಮಾಧಾನ ಇದೆ. ಮಲೆನಾಡು ಅಲ್ವಾ, ಬೇಸಿಗೆಯಲ್ಲಿ ಬಂದರೂ ತಂಪಾಗಿರುತ್ತದೆ ಅಂತ ಮಕ್ಕಳಿಗೆ ಹೇಳಿಟ್ಟಿದ್ದೇನೆ.

ವಿನೋಬನಗರ_60ಅಡಿ
ಏಪ್ರಿಲ್‌ನಲ್ಲಿ ತಂಪು! ಮಾರಾಯ್ರೆ, ಮೊದಲು ಒಂದು ಕೂಲರ್ ತಗೊಳ್ಳಿ, ಆಮೇಲೆ ಮನೆ ಹುಡುಕಿ.

ಮಳೆಹುಚ್ಚ
ಶಿವಮೊಗ್ಗ ಮಲೆನಾಡಿನ ಹೆಬ್ಬಾಗಿಲು. ಬಾಗಿಲಲ್ಲಿ ನಿಂತವನಿಗೆ ಒಳಗಿನ ತಂಪು ಸಿಗುವುದಿಲ್ಲ. ಮಾರ್ಚ್ ಏಪ್ರಿಲ್‌ನಲ್ಲಿ ನಿಮ್ಮ ಹುಬ್ಬಳ್ಳಿಗೂ ನಮಗೂ ದೊಡ್ಡ ವ್ಯತ್ಯಾಸ ಇಲ್ಲ. ಸಂಜೆ ನಿಮಗೆ ಗಾಳಿಯಾದರೂ ಬೀಸುತ್ತದೆ, ನಮಗೆ ಬರೀ ಬೆವರು.

ಗಾಂಧಿಬಜಾರ್ ಅಂಗಡಿ
ಬಿಸಿಲಿನ ಮಾತು ಬಿಡಿ, ಪ್ರಶ್ನೆಗೆ ಬರೋಣ. ಈ ವರ್ಷ ಮಾರಿಕಾಂಬಾ ಜಾತ್ರೆ ಇದೆ. ಎರಡು ವರ್ಷಕ್ಕೊಮ್ಮೆ ಬರುವುದು. 2024ರಲ್ಲಿ ಆಗಿತ್ತು, ಈಗ ಮತ್ತೆ ಬಂತು. ಯುಗಾದಿಗೆ ಮುಂಚೆಯೇ ಆಗಿಹೋಗುತ್ತದೆ. ಹಾಗಾಗಿ ನೀವು ಏಪ್ರಿಲ್‌ವರೆಗೆ ಕಾದರೆ ತಪ್ಪಿಸಿಕೊಂಡ ಹಾಗೆ. ಆ ವಾರ ರಜಾ ಹಾಕಿ ಬನ್ನಿ.

ಮೊದಲ ದಿನ ಅಮ್ಮ ಗಾಂಧಿ ಬಜಾರಿನ ತವರುಮನೆಯಲ್ಲಿ ಕೂರುತ್ತಾಳೆ. ಬೆಳಗಿನ ಜಾವದಿಂದಲೇ ಉಡಿ ತುಂಬಲು ಹೆಂಗಸರ ಸಾಲು. ನಮ್ಮ ಅಂಗಡಿ ಶಟರ್ ತೆಗೆಯುವುದೇ ಕಷ್ಟ, ಕಟ್ಟೆಯ ಮೇಲೆಲ್ಲ ಜನ ಕೂತಿರುತ್ತಾರೆ. ರಾತ್ರಿ ಮೆರವಣಿಗೆಯಲ್ಲಿ ಕೋಟೆಗೆ, ಗಂಡನ ಮನೆಗೆ ಹೊರಡುತ್ತಾಳೆ. ಅಲ್ಲಿಂದ ಮುಂದೆ ಜಾತ್ರೆಯೆಲ್ಲ ಕೋಟೆ ಕಡೆ. ಮನೆಮನೆಗೂ ನೆಂಟರು. ಬಾಡೂಟದ ಮನೆಯವರಿಗಂತೂ ಒಲೆ ಆರುವುದೇ ಇಲ್ಲ. ವ್ಯಾಪಾರ ಅಂತ ನೋಡಿದರೆ ಆ ದಿನ ನಮಗೆ ನಷ್ಟವೇ, ಆದರೂ ಎರಡು ವರ್ಷ ಕಾಯುವುದು ಅದಕ್ಕೇ.

ಹೊಂಡಪ್ರಿಯ
ನಾನು ಕಾಯುತ್ತಿರುವುದು ನಮ್ಮ ಬೀದಿಯಲ್ಲಿ ಪೈಪಿಗೆ ಅಂತ ಅಗೆದ ಗುಂಡಿ ಮುಚ್ಚುವುದನ್ನು. ಎರಡು ವರ್ಷಕ್ಕೊಮ್ಮೆ ಅಗೆಯುತ್ತಾರೆ, ಇದೂ ಒಂದು ಜಾತ್ರೆಯೇ.

ಸಾಗರದ ಹುಡುಗಿ
ಬರೀ ಶಿವಮೊಗ್ಗ ಜಾತ್ರೆ ಹೇಳಿದರೆ ಹೇಗಣ್ಣ? ನಮ್ಮ ಸಾಗರದ ಮಾರಿಕಾಂಬಾ ಜಾತ್ರೆಯೂ ಈ ವರ್ಷವೇ. ನಮ್ಮದು ಮೂರು ವರ್ಷಕ್ಕೊಮ್ಮೆ. ನಾಟಕ ಕಂಪನಿ ಬರುತ್ತದೆ, ತೊಟ್ಟಿಲು ಬರುತ್ತದೆ. ಬೆಂಗಳೂರಲ್ಲಿ ಇರುವ ಇಡೀ ಸಾಗರ ಆ ವಾರ ಊರಲ್ಲಿರುತ್ತದೆ.

ಲೆಕ್ಕದ ಮೇಷ್ಟ್ರು
ಇಲ್ಲೊಂದು ಮಜಾ ಇದೆ ನೋಡಿ. ಶಿವಮೊಗ್ಗ ಎರಡು ವರ್ಷಕ್ಕೊಮ್ಮೆ, ಶಿರಸಿಯೂ ಎರಡು ವರ್ಷಕ್ಕೊಮ್ಮೆ, ಎರಡೂ ಸಮ ಸಂಖ್ಯೆಯ ವರ್ಷದಲ್ಲೇ. ಸಾಗರ ಮೂರು ವರ್ಷಕ್ಕೊಮ್ಮೆ. 2020, 2023, 2026. ಅಂದರೆ ಮೂರೂ ಒಂದೇ ವರ್ಷ ಬೀಳುವುದು ಆರು ವರ್ಷಕ್ಕೊಮ್ಮೆ. ಈ ಸಲ ತಪ್ಪಿದರೆ ಇನ್ನು 2032. ನಮ್ಮ ಮನೆಯಲ್ಲಿ ಮೂರೂ ಕಡೆ ನೆಂಟರಿದ್ದಾರೆ. ಹೆಂಡತಿ ಈಗಲೇ ಸೀರೆ ಲೆಕ್ಕ ಹಾಕುತ್ತಿದ್ದಾಳೆ.

ವಿನೋಬನಗರ_60ಅಡಿ
ಮೇಷ್ಟ್ರೇ, 2020ರಲ್ಲಿ ಮೂರೂ ಒಟ್ಟಿಗೆ ಆದ ಬೆನ್ನಿಗೇ ಕೊರೊನಾ ಬಂತು. ನೆನಪಿದೆಯಾ? ಲೆಕ್ಕ ಹೇಳಿ ಹೆದರಿಸಬೇಡಿ.

ಲೆಕ್ಕದ ಮೇಷ್ಟ್ರು
ಅದಕ್ಕೂ ಇದಕ್ಕೂ ಏನು ಸಂಬಂಧ ಮಾರಾಯ? 2014ರಲ್ಲೂ ಮೂರೂ ಒಟ್ಟಿಗೆ ಬಿದ್ದಿರಬೇಕು. ಆಗ ಏನಾಯ್ತು?

ಹೊಂಡಪ್ರಿಯ
ಆಗ ಎಲೆಕ್ಷನ್ ಆಯ್ತು.

ಹುಬ್ಬಳ್ಳಿಯವ
ಹ್ಹಹ್ಹ. ಜಾತ್ರೆಗೆ ಖಂಡಿತ ಬರುತ್ತೇನೆ. ಹುಬ್ಬಳ್ಳಿಯಿಂದ ಬರಲು ರೈಲು ಯಾವುದು ಅನುಕೂಲ?

ರೈಲುಗಾಡಿ
ಯಾವುದೂ ಇಲ್ಲ ಸರ್. ರೈಲಲ್ಲೇ ಬರಬೇಕು ಅಂದರೆ ಹಾವೇರಿ, ರಾಣೆಬೆನ್ನೂರು, ದಾವಣಗೆರೆ ದಾಟಿ ಬೀರೂರಿಗೆ ಹೋಗಿ, ಅಲ್ಲಿಂದ ತಿರುಗಿ ತರೀಕೆರೆ, ಭದ್ರಾವತಿ ಮೇಲೆ ಬರಬೇಕು. ಮೂಗು ಹಿಡಿಯಲು ತಲೆ ಸುತ್ತಿ ಕೈ ತಂದ ಹಾಗೆ. ಸುಮ್ನೆ ಬಸ್ಸು ಹತ್ತಿ, ರಾಣೆಬೆನ್ನೂರು–ಶಿಕಾರಿಪುರ ರಸ್ತೆಯಲ್ಲಿ ಬನ್ನಿ.

ನಾನು ಎದುರು ನೋಡುತ್ತಿರುವುದೂ ಅದನ್ನೇ. ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ರೈಲು ಮಾರ್ಗ. ಸುಮಾರು 103 ಕಿಲೋಮೀಟರ್. 2023ರ ಫೆಬ್ರವರಿ 27ರಂದು, ವಿಮಾನ ನಿಲ್ದಾಣ ಉದ್ಘಾಟನೆ ಆದ ದಿನವೇ ಪ್ರಧಾನಿ ಇದಕ್ಕೂ ಕೋಟೆಗಂಗೂರಿನ ಕೋಚಿಂಗ್ ಡಿಪೋಗೂ ಅಡಿಗಲ್ಲು ಹಾಕಿದರು. ಇದು ಆದರೆ ಹುಬ್ಬಳ್ಳಿ ನಮಗೆ ಪಕ್ಕದ ಊರು. ಡಿಪೋ ಆದರೆ ಇನ್ನೂ ಒಳ್ಳೆಯದು. ಗಾಡಿ ತೊಳೆದು ರಿಪೇರಿ ಮಾಡಿ ನಿಲ್ಲಿಸಲು ಜಾಗ ಇಲ್ಲದ ಊರಿಗೆ ಹೊಸ ರೈಲು ಕೊಡಿ ಅಂದರೆ ಯಾರು ಕೊಡುತ್ತಾರೆ? ಜನ ಹೊಸ ರೈಲಿಗೆ ಮನವಿ ಕೊಡುತ್ತಾರೆ, ಡಿಪೋ ಏನಾಯ್ತು ಅಂತ ಯಾರೂ ಕೇಳುವುದಿಲ್ಲ.

ಸೋಗಾನೆ ರನ್‌ವೇ
ರೈಲು ಬರುವಾಗ ಬರಲಿ, ವಿಮಾನ ಇದೆಯಲ್ಲ. 3,200 ಮೀಟರ್ ರನ್‌ವೇ. ಬೆಂಗಳೂರು ಬಿಟ್ಟರೆ ರಾಜ್ಯದಲ್ಲಿ ಅತಿ ಉದ್ದದ್ದು ನಮ್ಮದೇ. ರಾತ್ರಿ ಇಳಿಯುವ ವ್ಯವಸ್ಥೆ ಪೂರ್ತಿ ಶುರುವಾಗಿ ವಿಮಾನಗಳು ಜಾಸ್ತಿ ಆಗುವುದನ್ನು ನಾನು ಕಾಯುತ್ತಿದ್ದೇನೆ.

ಹೊಂಡಪ್ರಿಯ
ಉದ್ದ ಇದ್ದು ಏನು ಮಾಡುವುದು? ಬಂದು ಇಳಿಯುವುದು ಪುಟ್ಟ ವಿಮಾನ. ಅದಕ್ಕೆ ಅದರ ಅರ್ಧ ಸಾಕು. ಮಳೆಗಾಲದಲ್ಲಿ ಮೋಡ ಕವಿದರೆ ಅದೂ ಮೇಲೆ ಎರಡು ಸುತ್ತು ಹೊಡೆದು ವಾಪಸ್.

ಸೋಗಾನೆ ರನ್‌ವೇ
ಅಣ್ಣ, 2023ರ ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ವಿಮಾನ ಬಂದಾಗ "ಆರು ತಿಂಗಳು ನಡೆಯಲ್ಲ" ಅಂದವರಲ್ಲಿ ನೀವೂ ಇದ್ದಿರಿ. ಆಮೇಲೆ ಹೈದರಾಬಾದ್, ತಿರುಪತಿ, ಗೋವಾ ಎಲ್ಲ ಬಂತಲ್ಲ? ರಾಜ್ಯ ಸರ್ಕಾರವೇ ನಡೆಸುವ ಮೊದಲ ವಿಮಾನ ನಿಲ್ದಾಣ ಇದು. ಸಮಯ ಕೊಡಬೇಕು.

ಹೊಂಡಪ್ರಿಯ
ಬಂತು, ಕೆಲವು ಹೋಯ್ತು, ಮತ್ತೆ ಬಂತು. ವಾರದಲ್ಲಿ ಯಾವ ದಿನ ಯಾವುದು ಇರುತ್ತದೆ ಅಂತ ನೀವೇ ನೋಡದೆ ಹೇಳಿ ನೋಡೋಣ.

ಅಡಿಕೆಗೊನೆ
ನಿಮ್ಮಿಬ್ಬರ ವಿಮಾನ ಇಳಿಯುವುದರೊಳಗೆ ನಾನು ರಾತ್ರಿ ಬಸ್ಸಲ್ಲಿ ಬೆಂಗಳೂರಿಗೆ ಹೋಗಿ ಕೆಲಸ ಮುಗಿಸಿ ಜನಶತಾಬ್ದಿಯಲ್ಲಿ ವಾಪಸ್ ಬಂದಿರುತ್ತೇನೆ.

ತುಮರಿ ಕಡೆಯವ
ವಿಮಾನ, ರೈಲು ಅಂತ ಜಗಳ ಆಡುವವರಿಗೆ ಒಂದು ಮಾತು. ನಾವು ಅರವತ್ತು ವರ್ಷ ಕಾದದ್ದು ಬರೀ ಒಂದು ಸೇತುವೆಗೆ.

ಲಿಂಗನಮಕ್ಕಿ ಅಣೆಕಟ್ಟು ಆದದ್ದು 1964ರಲ್ಲಿ. ಹಿನ್ನೀರು ಬಂದು ನಮ್ಮ ಕಡೆಯ ಹಳ್ಳಿಗಳು ಸಾಗರದಿಂದ ಕಡಿದುಹೋದವು. ಅಂಬಾರಗೋಡ್ಲು ಕಡವಿನಲ್ಲಿ ಲಾಂಚ್ ಒಂದೇ ದಾರಿ. ಬಸ್ಸು ಹಿಮ್ಮುಖವಾಗಿ ಲಾಂಚ್ ಹತ್ತಬೇಕು. ಕಂಡಕ್ಟರ್ ಹಿಂದೆ ನಿಂತು ಸೀಟಿ ಊದುತ್ತಾ ಕೈ ಬೀಸುತ್ತಿದ್ದ. ಅದರ ಪಕ್ಕ ನಾಲ್ಕು ಕಾರು, ಸಂದಿಯಲ್ಲಿ ಬೈಕು, ಬೈಕಿನ ಮೇಲೆ ಹಾಲಿನ ಕ್ಯಾನು. ಸಂಜೆಯ ಕೊನೆಯ ಲಾಂಚ್ ತಪ್ಪಿತು ಅಂದರೆ ಆ ದಡದಲ್ಲೇ ಯಾರ ಮನೆಯಲ್ಲಾದರೂ ಮಲಗಬೇಕು, ಇಲ್ಲ ಹೊಸನಗರ ಕಡೆಯಿಂದ ಕಾಡೆಲ್ಲ ಸುತ್ತಿ ಬರಬೇಕು. ಹೆರಿಗೆ ನೋವು ರಾತ್ರಿಯೇ ಬಂದರೆ ಏನು ಅಂತ ಯೋಚಿಸಿ ನೋಡಿ.

2025ರ ಜುಲೈ 14ಕ್ಕೆ ಸೇತುವೆ ಆಯ್ತು. 2.44 ಕಿಲೋಮೀಟರ್. ಈಗ ಕೆಲವೇ ನಿಮಿಷದಲ್ಲಿ ಈ ದಡ. ಸೇತುವೆ ಇರುವ ಮೊದಲ ಪೂರ್ತಿ ವರ್ಷ ನಮಗೆ 2026. ಸಾಗರ ಜಾತ್ರೆಗೆ ಹೋಗಿ ಮಧ್ಯರಾತ್ರಿ ನಾಟಕ ಮುಗಿಸಿ ಮನೆಗೆ ಬಂದು ಮಲಗಬಹುದು. ನಮ್ಮಮ್ಮನಿಗೆ ಅದೇ ದೊಡ್ಡ ವಿಷಯ. ಇಷ್ಟು ವರ್ಷ ಅವರು ಜಾತ್ರೆ ನೋಡಿದ್ದೆಲ್ಲ ಹಗಲಲ್ಲೇ, ಗಡಿಯಾರ ನೋಡಿಕೊಂಡೇ.

ಸಾಗರದ ಹುಡುಗಿ
ಈ ಸಲ ಅಮ್ಮನನ್ನು ನಮ್ಮ ಮನೆಗೂ ಕರೆದುಕೊಂಡು ಬನ್ನಿ. ನಾಟಕ ನಾನೇ ತೋರಿಸುತ್ತೇನೆ.

ಹೊಂಡಪ್ರಿಯ
ಇದಕ್ಕೆ ಕೊಂಕು ಮಾತಾಡಲ್ಲ. ಒಳ್ಳೆಯದಾಯ್ತು.

ದುರ್ಗಿಗುಡಿ ಶೆಟ್ಟಿ
ಆದರೆ ಸಿಗಂದೂರು ದೇವಸ್ಥಾನಕ್ಕೆ ಹೋಗುವ ಗಾಡಿಗಳು ಎಷ್ಟು ಜಾಸ್ತಿ ಆಗಿವೆ ನೋಡಿ. ಭಾನುವಾರ ಸೇತುವೆ ಮೇಲೆ ಸೆಲ್ಫಿ ತೆಗೆಯುವವರದ್ದೇ ಕಾಟ.

ತುಮರಿ ಕಡೆಯವ
ಹೌದು. ಪ್ಲಾಸ್ಟಿಕ್ಕೂ ಜಾಸ್ತಿ ಆಗಿದೆ. ಊರಿಗೆ ಅಂತ ಆದ ಸೇತುವೆ ಪ್ರವಾಸಿಗರ ಪಾಲಾಗುತ್ತಿದೆ ಅಂತ ನಮ್ಮಲ್ಲೂ ಗೊಣಗುವವರಿದ್ದಾರೆ. ಆದರೂ ಲಾಂಚ್ ದಿನ ವಾಪಸ್ ಬೇಕು ಅಂದವರನ್ನು ನಾನಂತೂ ನೋಡಿಲ್ಲ.

ಮಳೆಹುಚ್ಚ
ಸರಿ, ಈಗ ನನ್ನ ಸರದಿ. ಹುಬ್ಬಳ್ಳಿಯವರು ಊರೊಳಗಿನದ್ದೇ ಕೇಳಿದ್ದಾರೆ. ನನಗೆ ಜೂನ್ ಕೊನೆ, ಜುಲೈ ಮೊದಲ ವಾರ ಒಂದೇ ಹುಚ್ಚು. ಮಂಟಪ ಮುಳುಗಿತಾ?

ಕೋರ್ಪಲಯ್ಯನ ಛತ್ರದ ಹತ್ತಿರ ತುಂಗೆಯಲ್ಲಿ ಒಂದು ಕಲ್ಲಿನ ಮಂಟಪ ಇದೆ. ಬೇಸಿಗೆಯಲ್ಲಿ ಅದರ ಬುಡದ ಬಂಡೆಯವರೆಗೆ ನಡೆದುಕೊಂಡೇ ಹೋಗಬಹುದು. ಶೃಂಗೇರಿ, ತೀರ್ಥಹಳ್ಳಿ ಕಡೆ ನಾಲ್ಕು ದಿನ ಬಿಡದೆ ಹೊಡೆದರೆ ಗಾಜನೂರು ಅಣೆಕಟ್ಟು ತುಂಬುತ್ತದೆ. ಅದು ಚಿಕ್ಕದು, ಬರೀ 3.24 ಟಿಎಂಸಿ. ನೀರು 588.24 ಮೀಟರ್ ಮುಟ್ಟಿದ ಮೇಲೆ ಹಿಡಿದಿಡಲು ಜಾಗ ಇಲ್ಲ, ಗೇಟು ಎತ್ತಲೇಬೇಕು. ರಾಜ್ಯದಲ್ಲಿ ಎಲ್ಲಕ್ಕಿಂತ ಮೊದಲು ತುಂಬುವ ಅಣೆಕಟ್ಟುಗಳಲ್ಲಿ ಇದೂ ಒಂದು.

ಗೇಟು ಎತ್ತಿದ ಮೇಲೆ ಊರಿನ ನಡೆ ನೋಡಬೇಕು ನೀವು. ಬೆಳಿಗ್ಗೆ ವಾಕಿಂಗ್ ಹೋಗುವವರೆಲ್ಲ ದಾರಿ ಬದಲಿಸಿ ಹೊಳೆ ಕಡೆ ಬರುತ್ತಾರೆ. ಮೊದಲು ಕಂಬದ ಕಾಲು ಮುಳುಗುತ್ತದೆ. ಆಮೇಲೆ ಅರ್ಧ ಕಂಬ. ಹಾಲಿನವನು "ಚಾವಣಿ ಮುಟ್ಟಿತಂತೆ" ಅಂತ ಸುದ್ದಿ ತರುತ್ತಾನೆ. ಸಂಜೆ ಹೊತ್ತಿಗೆ ನೀರು ಕೆಂಪು ಚಹಾ ಬಣ್ಣ, ಮಂಟಪ ಇದ್ದ ಕಡೆ ಬರೀ ಒಂದು ಸುಳಿ. ಸೇತುವೆ ಮೇಲೆ ಕೊಡೆ ಹಿಡಿದು ಅರ್ಧ ಊರು ನಿಂತಿರುತ್ತದೆ. ಟ್ರಾಫಿಕ್ ಪೊಲೀಸರು ಓಡಿಸುತ್ತಾರೆ, ಇವರು ಹತ್ತು ಹೆಜ್ಜೆ ಹೋಗಿ ಮತ್ತೆ ನಿಲ್ಲುತ್ತಾರೆ. ಮಂಟಪ ಮುಳುಗಿದರೆ ತುಂಗೆಗೆ ಬಾಗಿನ. ಇದಕ್ಕೆ ಟಿಕೆಟ್ ಇಲ್ಲ, ಕರಪತ್ರ ಇಲ್ಲ. ಪ್ರತಿ ವರ್ಷ ಜನ ಬರುತ್ತಾರೆ.

ಕುಂಬಾರಗುಂಡಿ 2ನೇ ಅಡ್ಡರಸ್ತೆ
ಸೇತುವೆ ಮೇಲೆ ನಿಂತು ನೋಡುವವರಿಗೆ ಅದು ಸಂಭ್ರಮ. ನಮಗೆ ಅಕ್ಕಿ ಮೂಟೆ ಅಟ್ಟಕ್ಕೆ ಏರಿಸುವ ಸಮಯ. 2019ರ ಆಗಸ್ಟ್‌ನಲ್ಲಿ ಮನೆಯೊಳಗೆ ಸೊಂಟದವರೆಗೆ ನೀರು. ಟಿವಿ, ಫ್ರಿಜ್ಜು, ಮಗಳ ಮಾರ್ಕ್ಸ್ ಕಾರ್ಡು ಎಲ್ಲ ಹೋಯ್ತು. ಆ ನಂತರ ಮಂಟಪದ ಫೋಟೋ ಯಾರಾದರೂ ಕಳಿಸಿದರೆ ನಾನು ನೋಡುವುದು ಒಂದನ್ನೇ, ಇನ್ನೆಷ್ಟು ಅಡಿ ಬಾಕಿ ಇದೆ ಅಂತ.

ಮಳೆಹುಚ್ಚ
ಅಕ್ಕ, ಆ ವರ್ಷ ನಾವೂ ಬೋಟಿನಲ್ಲಿ ಜನರನ್ನು ಹೊರಗೆ ತರುವವರ ಜೊತೆ ಇದ್ದೆವು. ಗೊತ್ತು. ಆದರೆ ಮಂಟಪ ಮುಳುಗುವ ನೀರು ಬೇರೆ, ಮನೆಗೆ ನುಗ್ಗುವ ನೀರು ಬೇರೆ ಅಲ್ವಾ? ಮಂಟಪ ಹೆಚ್ಚುಕಮ್ಮಿ ಪ್ರತಿ ವರ್ಷ ಮುಳುಗುತ್ತದೆ.

ಕುಂಬಾರಗುಂಡಿ 2ನೇ ಅಡ್ಡರಸ್ತೆ
ಬೇರೆ ಹೌದು. ಒಂದರ ಹಿಂದೆ ಇನ್ನೊಂದು ಬರುತ್ತದೋ ಇಲ್ಲವೋ ಅನ್ನುವುದೇ ನಮ್ಮ ಪ್ರಶ್ನೆ. ಹುಬ್ಬಳ್ಳಿಯವರೇ, ಬಾಡಿಗೆ ಮನೆ ನೋಡುವಾಗ ಬೇಸಿಗೆಯಲ್ಲಿ ನೋಡಿ ಮೋಸ ಹೋಗಬೇಡಿ. ಗೋಡೆಯ ಕೆಳಗೆ ಹೊಸದಾಗಿ ಬಣ್ಣ ಬಳಿದಿದ್ದರೆ ಪಕ್ಕದ ಮನೆಯವರನ್ನು ಕೇಳಿ, 2019ರಲ್ಲಿ ಇಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ. ಮಾಲೀಕರನ್ನು ಕೇಳಬೇಡಿ.

ಹುಬ್ಬಳ್ಳಿಯವ
ಇದು ಬಹಳ ಉಪಯೋಗದ ಮಾತು, ಬರೆದಿಟ್ಟುಕೊಂಡೆ. ವಿನೋಬನಗರ, ಗೋಪಾಳ, ನವುಲೆ ಕಡೆ ನೋಡೋಣ ಅಂತಿದ್ದೇವೆ. ಹೇಗೆ?

ವಿನೋಬನಗರ_60ಅಡಿ
ವಿನೋಬನಗರ ಬನ್ನಿ. ಬಾಡಿಗೆ ಜಾಸ್ತಿ, ಆದರೆ ತರಕಾರಿ, ಶಾಲೆ, ಪಾರ್ಕು ಎಲ್ಲ ನಡೆದು ಹೋಗುವಷ್ಟು ಹತ್ತಿರ.

ದುರ್ಗಿಗುಡಿ ಶೆಟ್ಟಿ
ಗೋಪಾಳ ಇನ್ನೂ ಅಗ್ಗ. ಕೋತಿ ಕಾಟ ಇದೆ. ಹೆಂಚಿನ ಮನೆ ತಗೊಳ್ಳಬೇಡಿ.

ನವುಲೆ ಪೆವಿಲಿಯನ್
ನವುಲೆಗೆ ಬಂದರೆ ಕ್ರಿಕೆಟ್ ಫ್ರೀ. ಕಳೆದ ಅಕ್ಟೋಬರ್‌ನಲ್ಲಿ ಇಲ್ಲಿ ಕರ್ನಾಟಕ–ಗೋವಾ ರಣಜಿ ನಡೆಯಿತು. ಕರುಣ್ ನಾಯರ್ ಔಟಾಗದೆ 174. ಹತ್ತಿರದಲ್ಲಿ ಕೂತು ನೋಡಿದೆ, ಬ್ಯಾಟಿಗೆ ಚೆಂಡು ತಾಗಿದ ಸದ್ದು ಕೇಳುತ್ತದೆ. ಟಿವಿಯಲ್ಲಿ ಅದೆಲ್ಲಿ ಸಿಗುತ್ತದೆ? ಈ ವರ್ಷದ ಸೀಸನ್‌ನಲ್ಲೂ ನಮಗೆ ಒಂದು ಪಂದ್ಯ ಕೊಡಲಿ ಅಂತ ಕಾಯುತ್ತಿದ್ದೇನೆ. ಅಕ್ಟೋಬರ್‌ನಲ್ಲಿ ಕೊಟ್ಟರೆ ಮಳೆ, ಜನವರಿಯಲ್ಲಿ ಕೊಡಿ ಸ್ವಾಮಿ.

ಅಡಿಕೆಗೊನೆ
ಗುಂಡಪ್ಪ ವಿಶ್ವನಾಥ್ ಹುಟ್ಟಿದ ಜಿಲ್ಲೆ ಇದು. ಒಂದು ಪಂದ್ಯ ಕೊಟ್ಟರೆ ಉಪಕಾರ ಮಾಡಿದ ಹಾಗಾ?

ಭದ್ರಾವತಿ ಕುಲುಮೆ
ವಿಶ್ವನಾಥ್ ನಮ್ಮ ಭದ್ರಾವತಿಯವರು, ನೆನಪಿರಲಿ.

ನಮ್ಮೂರಲ್ಲಿ ಎದುರು ನೋಡುವುದು ಒಂದೇ, ವಿಶ್ವೇಶ್ವರಯ್ಯ ಕಬ್ಬಿಣ ಉಕ್ಕಿನ ಕಾರ್ಖಾನೆ ಉಳಿಯುವುದನ್ನು. 1923ರಲ್ಲಿ ಕಬ್ಬಿಣ ತೆಗೆಯಲು ಶುರು ಮಾಡಿದ ಕಾರ್ಖಾನೆ. ನೂರು ತುಂಬಿದ ತಿಂಗಳಲ್ಲೇ, 2023ರ ಜನವರಿಯಲ್ಲಿ, ಮುಚ್ಚುತ್ತೇವೆ ಅಂದರು. ಕಾಗದದ ಕಾರ್ಖಾನೆ ಅದಕ್ಕೂ ಮೊದಲೇ ನಿಂತಿತ್ತು. 2024ರಲ್ಲಿ ಕೇಂದ್ರ ಸಚಿವರು ಬಂದು ನೋಡಿ ಭರವಸೆ ಕೊಟ್ಟು ಹೋದರು. ನಮ್ಮ ಓಣಿಯಲ್ಲಿ ಸಂಜೆ ಕಟ್ಟೆ ಮೇಲೆ ಕೂತವರ ಮಾತು ಅದರಲ್ಲೇ ಶುರು, ಅದರಲ್ಲೇ ಮುಕ್ತಾಯ. ನಿಮ್ಮ ಜಾತ್ರೆ ಆರು ವರ್ಷಕ್ಕಾದರೂ ಒಟ್ಟಿಗೆ ಬರುತ್ತದೆ.

ಲೆಕ್ಕದ ಮೇಷ್ಟ್ರು
ಏನು ಹೇಳಬೇಕು ಗೊತ್ತಾಗುತ್ತಿಲ್ಲ. ನಮ್ಮ ಸೋದರಮಾವನೂ ಅಲ್ಲೇ ದುಡಿದು ರಿಟೈರ್ ಆದವರು.

ರಂಗದ ಹಿಂದೆ
ನಾಟಕದವರನ್ನು ಯಾರೂ ಲೆಕ್ಕಕ್ಕೇ ತಗೊಂಡಿಲ್ಲ! ರಾಜ್ಯದಲ್ಲಿ ರಂಗಾಯಣ ಇರುವುದೇ ನಾಲ್ಕೈದು ಕಡೆ, ಅದರಲ್ಲಿ ಶಿವಮೊಗ್ಗವೂ ಒಂದು. ಹೆಗ್ಗೋಡಿನ ನೀನಾಸಂ ಒಂದೂವರೆ ಗಂಟೆ ದೂರ. ಅವರ ತಿರುಗಾಟದ ನಾಟಕ ಊರಿಗೆ ಬಂದಾಗ ಕುವೆಂಪು ರಂಗಮಂದಿರಕ್ಕೆ ಬನ್ನಿ. ಹಿಂದಿನ ಸಾಲು ಸಿಕ್ಕರೂ ಬೇಜಾರಿಲ್ಲ. ಟಿಕೆಟ್ಟಿನ ಹಣದಲ್ಲಿ ಮಾಲಿನಲ್ಲಿ ಒಂದು ಪಾಪ್‌ಕಾರ್ನ್ ಬರುವುದಿಲ್ಲ. ಏಳನೇ, ಎಂಟನೇ ಕ್ಲಾಸಿನ ಮಕ್ಕಳಿದ್ದರೆ ಬೇಸಿಗೆ ರಂಗಶಿಬಿರಕ್ಕೆ ಸೇರಿಸಿ. ಏಪ್ರಿಲ್‌ನಲ್ಲಿ ಬರುತ್ತಿದ್ದೀರಿ, ಸಮಯ ಸರಿಯಾಗಿದೆ. ಹೊಸ ಊರಲ್ಲಿ ಸ್ನೇಹಿತರು ಸಿಗುತ್ತಾರೆ.

ಹುಬ್ಬಳ್ಳಿಯವ
ಮಗಳು ಏಳನೇ ಕ್ಲಾಸು! ಇದೇ ಬೇಕಾಗಿತ್ತು ನೋಡ್ರಿ. ಇನ್ನು ತಿನ್ನೋದು? ಗಿರ್ಮಿಟ್ ಸಿಗುತ್ತದಾ?

ಗಾಂಧಿಬಜಾರ್ ಅಂಗಡಿ
ಸಿಗುತ್ತದೆ, ಆದರೆ ನಿಮಗೆ ಒಪ್ಪಿಗೆ ಆಗಲ್ಲ. ನಮ್ಮ ಖಾರ ಮಂಡಕ್ಕಿ ಅಭ್ಯಾಸ ಮಾಡಿಕೊಳ್ಳಿ.

ವಿನೋಬನಗರ_60ಅಡಿ
ಮೀನಾಕ್ಷಿ ಭವನದ ದೋಸೆ.

ದುರ್ಗಿಗುಡಿ ಶೆಟ್ಟಿ
ಯಾರಾದರೂ ಹೊಸಬರು ಬಂದ ಕೂಡಲೇ ಮೀನಾಕ್ಷಿ ಭವನ. ಊರಲ್ಲಿ ಬೇರೆ ಹೋಟೆಲೇ ಇಲ್ಲವಾ?

ವಿನೋಬನಗರ_60ಅಡಿ
ಇದೆ. ಮೊದಲು ಇಲ್ಲಿ ತಿನ್ನಲಿ, ಆಮೇಲೆ ಜಗಳ ಆಡಲಿ.

ಹೊಸನಗರದ ಅತ್ತೆ
ಹೋಟೆಲ್ ಬಿಡಿ ಮಕ್ಕಳೇ. ಮಾರ್ಚ್, ಏಪ್ರಿಲ್ ಅಂದರೆ ಉಪ್ಪಿನಕಾಯಿಗೆ ಹಾಕುವ ಘಮದ ಮಾವಿನ ಮಿಡಿ, ಅಪ್ಪೆಮಿಡಿಯ ಕಾಲ. ರಿಪ್ಪನ್‌ಪೇಟೆ, ಹೊಸನಗರ, ಸಾಗರದ ಕಡೆಯಿಂದ ಶಿವಮೊಗ್ಗ ಮಾರುಕಟ್ಟೆಗೆ ಬರುತ್ತದೆ. ನೂರರ ಲೆಕ್ಕದಲ್ಲಿ ಮಾರುತ್ತಾರೆ, ಕೆಜಿ ಲೆಕ್ಕ ಅಲ್ಲ.

ಆರಿಸುವುದು ಹೇಳುತ್ತೇನೆ ಕೇಳಿ. ತೊಟ್ಟು ಇರಬೇಕು. ತೊಟ್ಟು ಮುರಿದದ್ದು, ಮರದಿಂದ ಉದುರಿಸಿ ಪೆಟ್ಟು ಬಿದ್ದದ್ದು ಭರಣಿಯಲ್ಲಿ ಮೆತ್ತಗಾಗಿ ಉಳಿದದ್ದನ್ನೂ ಕೆಡಿಸುತ್ತದೆ. ಒಂದು ಮಿಡಿ ಕೇಳಿ ತಗೊಂಡು ತೊಟ್ಟು ಮುರಿಯಿರಿ. ಸೊನೆ ಚಿಮ್ಮಬೇಕು. ಅದನ್ನು ಬೆರಳಿಗೆ ಹಚ್ಚಿ ಮೂಸಿ ನೋಡಿ. ಜೀರಿಗೆ ಘಮ ಬಂದರೆ ಮಾತಾಡದೆ ತಗೊಳ್ಳಿ. ಬರೀ ಹುಳಿ ವಾಸನೆ ಬಂದರೆ ಅದು ಸಾದಾ ಮಾವಿನ ಮಿಡಿ, ಅಪ್ಪೆ ಅಂತ ಹೇಳಿ ಮಾರುತ್ತಾರೆ. ಮನೆಗೆ ತಂದು ತೊಳೆದು, ಬಟ್ಟೆಯಲ್ಲಿ ಒರೆಸಿ, ಕಾಲಿಂಚು ತೊಟ್ಟು ಬಿಟ್ಟು ಕತ್ತರಿಸಿ, ಅದೇ ದಿನ ಕಲ್ಲುಪ್ಪಿಗೆ ಹಾಕಬೇಕು. ನಾಳೆ ನೋಡೋಣ ಅಂದರೆ ಆಗಲ್ಲ. ಸೊನೆಯನ್ನು ಬಿಸಾಡಬೇಡಿ, ಅದನ್ನೂ ಭರಣಿಗೇ ಹಾಕಿ. ಘಮ ಇರುವುದೇ ಅದರಲ್ಲಿ.

ಮಳೆ ಹಿಡಿದ ಮೇಲೆ ಕಳಲೆ, ಕೆಸುವಿನ ಪತ್ರೊಡೆ, ಅಣಬೆ. ಅದಕ್ಕೆ ಆಗ ಬನ್ನಿ, ಹೇಳಿಕೊಡುತ್ತೇನೆ.

ಅಡಿಕೆಗೊನೆ
ಅತ್ತೆ, ನೂರಕ್ಕೆ ಎಷ್ಟು ಅಂತ ಹೇಳಲಿಲ್ಲ. ಕಳೆದ ವರ್ಷ ರೇಟು ಕೇಳಿ ನಾನು ಭರಣಿ ತೊಳೆದು ಹಾಗೇ ಇಟ್ಟೆ.

ಹೊಸನಗರದ ಅತ್ತೆ
ಬೆಳಿಗ್ಗೆ ಹೋಗಿ ಚೌಕಾಸಿ ಮಾಡಬೇಕು. ಹತ್ತು ಗಂಟೆಗೆ ಕಾರಲ್ಲಿ ಹೋಗಿ ಇಳಿದರೆ ರೇಟು ಏರದೆ ಇನ್ನೇನು?

ಡಾಕ್ಟರಲ್ಲ ನರ್ಸು
ಮಧ್ಯೆ ಬಂದೆ, ಕ್ಷಮಿಸಿ. ಊರಿಗೆ ಹೊಸಬರು ಅಂದಿದ್ದಕ್ಕೆ ಹೇಳುತ್ತಿದ್ದೇನೆ. ಜನವರಿಯಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲೇ. ಉಣ್ಣೆ ಅನ್ನುವ ಹುಳ ಕಚ್ಚಿ ಹರಡುತ್ತದೆ. ಪೇಟೆಯಲ್ಲಿ ಇರುವವರು ಹೆದರಬೇಕಾಗಿಲ್ಲ. ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆ ಕಾಡಿಗೆ ಚಾರಣ ಅಂತ ಹೋಗುವುದಾದರೆ ಉದ್ದ ಪ್ಯಾಂಟು, ತುಂಬುತೋಳು ಹಾಕಿ. ಉಣ್ಣೆ ನಿವಾರಕ ತೈಲ ಆಶಾ ಕಾರ್ಯಕರ್ತೆಯರ ಹತ್ತಿರ ಸಿಗುತ್ತದೆ. ಮಂಗ ಸತ್ತುಬಿದ್ದದ್ದು ಕಂಡರೆ ಹತ್ತಿರ ಹೋಗದೆ ತಿಳಿಸಿ. ಹೋಗಿ ಬಂದ ವಾರದಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮೊದಲೇ ಹೇಳಿ.

ಹುಬ್ಬಳ್ಳಿಯವ
ಧನ್ಯವಾದ ಸಿಸ್ಟರ್. ಚಾರಣ ಮಳೆಗಾಲದ ನಂತರ ನೋಡೋಣ.

ಪಂಚಾಂಗ ನೋಡುವವ
ಈ ವರ್ಷದ ಇನ್ನೊಂದು ವಿಶೇಷ ಯಾರೂ ಹೇಳಲಿಲ್ಲ. ಅಧಿಕ ಜ್ಯೇಷ್ಠ ಮಾಸ ಇದೆ, ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ. ಆಗ ಮದುವೆ ಇಲ್ಲ. ಎಲ್ಲರೂ ಏಪ್ರಿಲ್, ಮೇ ಮೊದಲ ವಾರಕ್ಕೇ ಮುಗಿಬೀಳುತ್ತಾರೆ. ಛತ್ರ ಬೇಕಾದವರು ಈಗಲೇ ಹಿಡಿದುಕೊಳ್ಳಿ.

ಹಬ್ಬಗಳೂ ಮುಂದಕ್ಕೆ ಹೋಗುತ್ತವೆ. ಕಳೆದ ವರ್ಷ ಗಣೇಶ ಚೌತಿ ಆಗಸ್ಟ್ 27ಕ್ಕೆ ಬಂದು ಮಳೆಯಲ್ಲಿ ತೊಯ್ದು ಹೋಯ್ತು. ಈ ಸಲ ಸೆಪ್ಟೆಂಬರ್ ಮಧ್ಯ. ಕಳೆದ ವರ್ಷ ಗಾಂಧಿ ಜಯಂತಿ ದಿನವೇ ವಿಜಯದಶಮಿ. ಈ ಸಲ ಅಕ್ಟೋಬರ್ 20ರ ಹೊತ್ತಿಗೆ. ದಸರಾ ಮೆರವಣಿಗೆಗೆ ಮಳೆ ಕಾಟ ಇರಲಿಕ್ಕಿಲ್ಲ ಅಂತ ಆಸೆ.

ಸಕ್ರೆಬೈಲು ಸೊಂಡಿಲು
ದಸರಾ ಅಂದರಲ್ಲ, ಬಂದೆ. ಶಿವಮೊಗ್ಗ ದಸರಾಕ್ಕೆ ಸಕ್ರೆಬೈಲು ಬಿಡಾರದ ಆನೆಗಳು ಬರುತ್ತವೆ. ಬೆಳ್ಳಿ ಅಂಬಾರಿ, ಜಂಬೂಸವಾರಿ, ಹಳೇ ಜೈಲಿನ ಮೈದಾನದಲ್ಲಿ ಬನ್ನಿ ಮುಡಿಯುವುದು. ಮೈಸೂರಿನಷ್ಟು ದೊಡ್ಡದಲ್ಲ. ಆದರೆ ಇಲ್ಲಿ ರಸ್ತೆ ಪಕ್ಕದಲ್ಲಿ ನಿಂತರೆ ಆನೆಯ ರೆಪ್ಪೆಗೂದಲು ಕಾಣುತ್ತದೆ.

2023ರಲ್ಲಿ ಏನಾಯ್ತು ಗೊತ್ತಾ? ದಸರಾಕ್ಕೆ ಅಂತ ಕರೆದುಕೊಂಡು ಬಂದಿದ್ದ ನೇತ್ರಾವತಿ ಆನೆ, ಜಂಬೂಸವಾರಿಯ ಹಿಂದಿನ ರಾತ್ರಿ ಊರಲ್ಲೇ ಮರಿ ಹಾಕಿತು! ಬೆಳಿಗ್ಗೆ ಎದ್ದು ನೋಡಿದರೆ ಆನೆ ಒಂದು ಜಾಸ್ತಿ. ತಾಯಿ ಮರಿಯನ್ನು ಬಿಡಾರಕ್ಕೆ ವಾಪಸ್ ಕಳಿಸಿದರು.

ಹೊಂಡಪ್ರಿಯ
ಗರ್ಭಿಣಿ ಅಂತ ಗೊತ್ತಾಗದೆ ಮೆರವಣಿಗೆಗೆ ಕರೆತಂದದ್ದನ್ನು ಮಜಾ ಅಂತ ಹೇಳ್ತೀರಲ್ಲ.

ಸಕ್ರೆಬೈಲು ಸೊಂಡಿಲು
ಮಜಾ ಅಂತ ಎಲ್ಲಿ ಹೇಳಿದೆ? ಆಗಲೂ ಆ ಪ್ರಶ್ನೆ ಬಂತು, ಬರಬೇಕಾದ್ದೇ. ಮೆರವಣಿಗೆಗೆ ಆನೆ ಬೇಕೇ ಅನ್ನುವ ಜಗಳ ಬೇರೆ, ಅದನ್ನು ಇಲ್ಲಿ ಶುರು ಮಾಡಿದರೆ ಹುಬ್ಬಳ್ಳಿಯವರು ವರ್ಗ ರದ್ದು ಮಾಡಿಸಿಕೊಳ್ಳುತ್ತಾರೆ.

ಗುಡ್ಡೇಕಲ್ ಕಾವಡಿ
ಆಷಾಢದ ಹರೋಹರ ಜಾತ್ರೆ ಬಿಟ್ಟಿರಲ್ಲ. ಗುಡ್ಡೇಕಲ್ಲಿನ ಸುಬ್ರಹ್ಮಣ್ಯನ ಆಡಿಕೃತ್ತಿಕೆ. ಕಾವಡಿ ಹೊತ್ತು ಹಳದಿ ಬಟ್ಟೆಯಲ್ಲಿ ಬರುವವರ ಸಾಲು. ಹೊಳೆಹೊನ್ನೂರು ರಸ್ತೆಯಲ್ಲಿ ಆ ದಿನ ಗಾಡಿ ತರಬೇಡಿ.

ಹೊಂಡಪ್ರಿಯ
ನನ್ನದು ಕೊನೆಯ ಒಂದು ಗಂಭೀರ ಮಾತು. 2023ರ ಕೊನೆಗೆ ಪಾಲಿಕೆ ಸದಸ್ಯರ ಅವಧಿ ಮುಗಿಯಿತು. 35 ವಾರ್ಡ್, ಒಬ್ಬ ಕಾರ್ಪೊರೇಟರೂ ಇಲ್ಲ. ಬೀದಿ ದೀಪ ಕೆಟ್ಟರೆ ಯಾರ ಮನೆ ಬಾಗಿಲು ತಟ್ಟಬೇಕು? ಕಾರ್ಪೊರೇಟರ್ ಕೆಲಸ ಮಾಡುತ್ತಿದ್ದನೋ ಇಲ್ಲವೋ, ಮದುವೆ ಮನೆಯಲ್ಲಾದರೂ ಸಿಗುತ್ತಿದ್ದ. ಅಲ್ಲೇ ಹಿಡಿದು ಕೇಳಬಹುದಿತ್ತು. ಈ ವರ್ಷ ಚುನಾವಣೆ ಆಗಲಿ. ನಾನು ಎದುರು ನೋಡುತ್ತಿರುವುದು ಇದೊಂದನ್ನೇ.

ಸೋಗಾನೆ ರನ್‌ವೇ
ಮೊದಲ ಸಲ ನಿಮ್ಮ ಮಾತಿಗೆ ನಾನು ಪೂರ್ತಿ ಒಪ್ಪುತ್ತೇನೆ.

ದುರ್ಗಿಗುಡಿ ಶೆಟ್ಟಿ
ನೀವೇ ನಿಲ್ಲಿ ಹೊಂಡಪ್ರಿಯ. ಚಿಹ್ನೆ ಗುದ್ದಲಿ.

ಹೊಂಡಪ್ರಿಯ
ಡಿಪಾಸಿಟ್ ನೀವು ಕಟ್ಟುವುದಾದರೆ ರೆಡಿ.

ಹುಬ್ಬಳ್ಳಿಯವ
ಆಫೀಸಿನವರಿಗೆ ಇದೆಲ್ಲ ಓದಿ ಹೇಳಿದೆ. "ಊರೊಳಗೆ ಏನೂ ಇಲ್ಲ" ಅಂದವನು ಈಗ ಮಾರಿಕಾಂಬಾ ಜಾತ್ರೆಗೆ ನಾನೂ ಬರುತ್ತೇನೆ, ಮಲಗಲು ಜಾಗ ಇದೆಯಾ ಅಂತ ಕೇಳುತ್ತಿದ್ದಾನೆ. ಆ ವಾರ ಲಾಡ್ಜ್ ಸಿಗುತ್ತದಾ?

ಗಾಂಧಿಬಜಾರ್ ಅಂಗಡಿ
ಲಾಡ್ಜ್ ಸಿಗಲ್ಲ. ನಮ್ಮ ಅಂಗಡಿ ಮೇಲಿನ ಗೋಡೌನಿನಲ್ಲಿ ಚಾಪೆ ಹಾಕಿಕೊಡುತ್ತೇನೆ, ಬರಲಿ. ಬೆಳಿಗ್ಗೆ ಮೂರಕ್ಕೆ ಡೊಳ್ಳು ಶುರುವಾಗುತ್ತದೆ, ನಿದ್ದೆ ಬರಲಿಲ್ಲ ಅಂತ ನನಗೆ ದೂರು ಹೇಳಬಾರದು.

ರೈಲುಗಾಡಿ
ಜಾತ್ರೆ ದಿನ ಕೋಟೆ ರಸ್ತೆಗೆ ಬಸ್ಸು ಬಿಡುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲೇ ಇಳಿದು ನಡೆದುಕೊಂಡು ಬನ್ನಿ. ಆಟೋದವರು ಎಷ್ಟು ಕೇಳುತ್ತಾರೋ ಅದರ ಅರ್ಧ ಹೇಳಿ.

ಅಡಿಕೆಗೊನೆ
ಅರ್ಧ ಅಲ್ಲ, ಮೂರರಲ್ಲಿ ಒಂದು.